ವಿಲಂಬಿತ ಲಯದಲ್ಲಿ ಒಂದು ಶಿಖರ

ಹಿಮಾಲಯದಲ್ಲಿ ಒಂದು ಶಿಖರ ಹತ್ತಿ ಬಂದೆ ಎಂದು ಬೆಳಗಾವಿಯಲ್ಲಿ ಯಾರಿಗಾದರೂ ಹೇಳಿದರೆ ಮೊದಲು ಬರುವ ಪ್ರಶ್ನೆ, ‘ಎಷ್ಟ ಎತ್ತರ ಐತ್ರಿ?’ 5,289 ಮೀಟರ್ ಎಂದರೆ ಎರಡನೆಯ ಪ್ರಶ್ನೆ, ‘ಎವರೆಸ್ಟ್ ಎಷ್ಟ್ರಿ?’ 8,849 ಎಂದ ಕೂಡಲೇ ಕೇಳಿದವರ ಉತ್ಸಾಹ ಅರ್ಧಕ್ಕಿಳಿಯುತ್ತದೆ. ಅಲ್ಲಿ ಗಾಳಿ ಹೇಗಿತ್ತು, ಹಿಮದ ಮೇಲೆ ಕಾಲಿಟ್ಟಾಗ ಎಂಥ ಸದ್ದು ಬಂತು, ನಸುಕಿನಲ್ಲಿ ಬೆಟ್ಟ ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ತಿರುಗಿತು ಎಂದು ಯಾರೂ ಕೇಳುವುದಿಲ್ಲ. ಪರ್ವತಾರೋಹಣವನ್ನು ಬರೀ ಸಾಹಸವೆಂದು ನೋಡುವ ರೂಢಿಯಿಂದ ಹೀಗಾಗಿದೆ. ನನ್ನ ಮಟ್ಟಿಗೆ ಅದು ಸಂಗೀತದ ಸಾಲಿಗೆ, ಒಳ್ಳೆಯ ನೇಯ್ಗೆಯ ಸಾಲಿಗೆ ಸೇರುವ ರಸದ ವಿಷಯ. ಕೂತು, ತಡೆದು, ನಿಧಾನವಾಗಿ ಸವಿಯಬೇಕಾದದ್ದು.

ನಾನು ಹತ್ತಿದ್ದು ಫ್ರೆಂಡ್‌ಶಿಪ್ ಶಿಖರ. ಹಿಮಾಚಲದ ಮನಾಲಿಯಿಂದ ಮೇಲೆ, ಸೋಲಾಂಗ್ ಕಣಿವೆಯ ನೆತ್ತಿಯಲ್ಲಿ, ಪೀರ್ ಪಂಜಾಲ್ ಶ್ರೇಣಿಯಲ್ಲಿದೆ. ಹಗ್ಗ, ಬೂಟಿಗೆ ಕಟ್ಟುವ ಹಲ್ಲುಗಳ ಕ್ರ್ಯಾಂಪನ್, ಐಸ್ ಆ್ಯಕ್ಸ್ ಮೂರೂ ಬೇಕಾಗುವ, ಆದರೆ ಗೋಡೆಯಂತೆ ನಿಂತ ಹಿಮವನ್ನು ಕೆತ್ತಿ ಏರುವ ಪ್ರಮೇಯ ಸಾಮಾನ್ಯವಾಗಿ ಬರದ ಬೆಟ್ಟ. ನೌಕರಿಗೆ ರಜೆ ಹಾಕಿ, ಮನೆಯವರನ್ನು ಒಪ್ಪಿಸಿ ಬರುವ ಹವ್ಯಾಸಿಗೆ ಮೊದಲ ಶಿಖರವೆಂದು ಬಲ್ಲವರು ಇದನ್ನೇ ಹೇಳುತ್ತಾರೆ. ಮೇ, ಜೂನ್ ಅಥವಾ ಮಳೆ ಮುಗಿದ ಮೇಲೆ ಸೆಪ್ಟೆಂಬರ್, ಅಕ್ಟೋಬರ್ ಅದರ ಕಾಲ. ಬೆಳಗಾವಿಯಿಂದ ಹೋಗುವುದೂ ಸರಳವೇ. ಲೋಂಡಾ ಕಡೆಯಿಂದ ಬರುವ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ನಿಜಾಮುದ್ದೀನ್, ಅಲ್ಲಿಂದ ರಾತ್ರಿ ಬಸ್ಸು. ಆ ಪ್ರಯಾಣದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಹೇಳಬೇಕಾದದ್ದು ಅದರ ಹಿಂದೆಯೂ ಇದೆ, ಮುಂದೆಯೂ ಇದೆ.

ಹಿಂದಿನದೆಂದರೆ ನಮ್ಮ ಪಕ್ಕದ ಖಾನಾಪುರ ತಾಲೂಕು. ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ದಖ್ಖನ್ನಿನ ಕಪ್ಪು ಬಸಾಲ್ಟಿನ ಮೇಲೆ ಕೂತಿದೆ. ಆ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ್ದು. ಹಿಮಾಲಯ ಎದ್ದು ನಿಲ್ಲಲು ಕಾರಣವಾದ ಭೂಖಂಡಗಳ ಡಿಕ್ಕಿ ಶುರುವಾದದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಅಂದರೆ ನಮ್ಮ ಕಾಲಡಿಯ ಕಲ್ಲು ಆ ಬೆಟ್ಟಗಳಿಗಿಂತ ಹಿರಿಯದು. ನಗರದಿಂದ ನೈರುತ್ಯಕ್ಕೆ ಜಾಂಬೋಟಿ ರಸ್ತೆ ಹಿಡಿದರೆ ಬಯಲು ಮುಗಿದು ಕಾಡು ಶುರುವಾಗುವುದು ಕಣ್ಣಿಗೇ ಕಾಣುತ್ತದೆ. ಮೊದಲು ಭತ್ತದ ಗದ್ದೆ, ಆಮೇಲೆ ಗೇರು, ಆಮೇಲೆ ಕೆಂಪು ಜಂಬಿಟ್ಟಿಗೆಯ ಬೋಳು ನೆತ್ತಿಗಳು, ಅವುಗಳ ಸಂದಿಯಲ್ಲಿ ಕತ್ತಲೆಯಂಥ ಕಾಡು. ಕನಕುಂಬಿಯಲ್ಲಿ ಸುಮಾರು 790 ಮೀಟರ್ ಎತ್ತರದಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹೊರಡುತ್ತಾಳೆ. ಅದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಮಹಾದಾಯಿ ಹುಟ್ಟಿ ಪಶ್ಚಿಮಕ್ಕೆ ಇಳಿಯುತ್ತಾಳೆ. ಒಂದೇ ಮಳೆಯ ನೀರನ್ನು ಎರಡು ಕಡಲಿಗೆ ಹಂಚುವ ನೆಲವಿದು. ಮಲಪ್ರಭೆಯ ನೀರು ಕೃಷ್ಣೆಯ ಜತೆ ಬಂಗಾಳಕೊಲ್ಲಿ ಸೇರುತ್ತದೆ, ಮಹಾದಾಯಿಯದು ಗೋವೆಯಲ್ಲಿ ಮಾಂಡವಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ.

ಈ ನೆಲದಲ್ಲಿ ಎತ್ತರ ಹೆಚ್ಚಿಲ್ಲ. ಆದರೆ ಇಲ್ಲಿ ನಡೆಯುವವನಿಗೆ ಮಳೆಗಾಲ ಕಲಿಸುವುದನ್ನು ಯಾವ ವ್ಯಾಯಾಮಶಾಲೆಯೂ ಕಲಿಸುವುದಿಲ್ಲ. ಜೂನ್ ಕೊನೆಯ ಹೊತ್ತಿಗೆ ಜಂಬಿಟ್ಟಿಗೆಯ ಮೇಲೆ ಪಾಚಿ ಹಿಡಿಯುತ್ತದೆ. ಅದರ ಮೇಲೆ ಹಿಮ್ಮಡಿ ಊರಿ ನಡೆದವನು ಜಾರುತ್ತಾನೆ. ಪಾದವನ್ನು ಪೂರ್ತಿ ಚಪ್ಪಟೆಯಾಗಿಟ್ಟು, ಭಾರವನ್ನು ಮೆಲ್ಲಗೆ ವರ್ಗಾಯಿಸಿ, ಆಮೇಲೆ ಇನ್ನೊಂದು ಕಾಲು ಎತ್ತುವವನು ಉಳಿಯುತ್ತಾನೆ. ಪಾರವಾಡ, ಚಿಖಲೆ ಕಡೆಯ ಹಳ್ಳಿಗರ ನಡಿಗೆಯನ್ನು ಹಿಂದಿನಿಂದ ನೋಡಿದ್ದೇನೆ. ತಲೆಯ ಮೇಲೆ ಕಂಬಳಿಯ ಗೊಂಗಡಿ, ಕೈಯಲ್ಲೊಂದು ಕೋಲು, ಧೋ ಎಂದು ಸುರಿವ ಮಳೆ. ಅವರ ಹೆಜ್ಜೆ ಏರಿನಲ್ಲಿ ನಿಧಾನವಾಗುವುದಿಲ್ಲ, ಇಳಿಜಾರಿನಲ್ಲಿ ಚುರುಕಾಗುವುದೂ ಇಲ್ಲ. ಮೇಲೂ ಅದೇ, ಕೆಳಗೂ ಅದೇ. ಆ ಸಮಗತಿಯನ್ನು ನೋಡಿ ನೋಡಿ ಕಾಲಿಗೆ ಬರಿಸಿಕೊಳ್ಳಬೇಕೆಂಬ ಆಸೆ ನನಗೆ ಹುಟ್ಟಿದ್ದು ಹಿಮಾಲಯದ ಹೆಸರು ತಲೆಗೆ ಬರುವ ಮುಂಚೆ.

ಬೇಸಿಗೆಯ ಅಭ್ಯಾಸಕ್ಕೆ ಯಳ್ಳೂರಿನ ರಾಜಹಂಸಗಡ ಇತ್ತು. ಊರಿನ ದಕ್ಷಿಣಕ್ಕೆ ನೋಡಿದರೆ ಗುಡ್ಡದ ತುದಿಗೆ ಕೋಟೆಯ ಗೆರೆ ಕಾಣುತ್ತದಲ್ಲ, ಅದು. ಕೆಳಗೆ ಕರಿಮಣ್ಣಿನ ಗದ್ದೆಗಳಲ್ಲಿ ಬೆಳಗಾವಿ ಬಾಸುಮತಿ ಬೆಳೆಯುತ್ತದೆ. ತೆನೆ ಹಾಲುಕಟ್ಟುವ ಹೊತ್ತಿನಲ್ಲಿ ಆ ದಾರಿಯ ಗಾಳಿಗೇ ಅನ್ನದ ಪರಿಮಳ ಇರುತ್ತದೆ. ಬೆನ್ನಿಗೆ ನೀರಿನ ಬಾಟಲಿಗಳ ಚೀಲ ಹೊತ್ತು ಹತ್ತುವುದು, ಸಿದ್ಧೇಶ್ವರ ಗುಡಿಯ ಮುಂದೆ ನೀರು ಚೆಲ್ಲಿ, ಮೊಳಕಾಲು ಉಳಿಸಿಕೊಂಡು ಹಗುರಾಗಿ ಇಳಿಯುವುದು. ಬೆಳಗಾವಿಯ ಕ್ಯಾಂಪಿನ ರಸ್ತೆಗಳಲ್ಲಿ ನಸುಕಿನಲ್ಲಿ ಭಾರ ಹೊತ್ತು ಓಡುವ ಜವಾನರನ್ನು ನೋಡುತ್ತ ಬೆಳೆದವರಿಗೆ ಇಂಥ ಅಭ್ಯಾಸ ವಿಚಿತ್ರವೆನಿಸುವುದಿಲ್ಲ. ಕಮಾಂಡೊ ತರಬೇತಿಯೂ ಮರಾಠಾ ಲಘು ಪದಾತಿದಳದ ಕೇಂದ್ರವೂ ಇರುವ ಊರು ಇದು.

ಬೆಳಗಾವಿಯಿಂದ ಹಿಮಾಲಯಕ್ಕೆ ಕಾಲ್ನಡಿಗೆಯ ನಂಟೂ ಹೊಸದೇನಲ್ಲ. ಕಾಕಾ ಕಾಲೇಲ್ಕರ್ 1885ರಲ್ಲಿ ಹುಟ್ಟಿದ್ದು ಸಾತಾರದಲ್ಲಾದರೂ ನಮ್ಮ ಬೆಳಗುಂದಿಯ ನೆಲ ಅವರಿಗೆ ಮನೆಯಾಗಿತ್ತು. ಅಲ್ಲಿ ಹರಿಯುವ ಪುಟ್ಟ ಮಾರ್ಕಂಡೇಯ ನದಿಯನ್ನು ಅವರು ‘ಮಾರ್ಕಂಡಿ’ ಎಂದು ಕರೆದು, ಗೆಳತಿಯೆಂದು ಬಗೆದು ಬರೆದಿದ್ದಾರೆ. 1912ರಲ್ಲಿ ಅವರು ಸ್ವಾಮಿ ಆನಂದರ ಜತೆ ಹಿಮಾಲಯದಲ್ಲಿ ನಡೆದರು. ಆ ನಡಿಗೆಯ ಕಥೆ ಗುಜರಾತಿಯಲ್ಲಿ ‘ಹಿಮಾಲಯನೋ ಪ್ರವಾಸ’ ಎಂಬ ಪುಸ್ತಕವಾಯಿತು. ಅವರು ಶಿಖರ ಹತ್ತಲು ಹೋದವರಲ್ಲ, ಯಾತ್ರಿಕರು. ಆದರೂ ನನಗೆ ಅವರೇ ಮೊದಲ ಗುರು. ಮೊಳಕಾಲುದ್ದ ನೀರಿನ ಮಾರ್ಕಂಡಿಯ ಮುಂದೆ ನಿಂತು ನೋಡಲು ಕಲಿತ ಕಣ್ಣು ಗಂಗೆಯ ಮುಂದೆ ದಿಕ್ಕೆಡಲಿಲ್ಲ. ಮನೆಯ ಮುಂದಿನ ಹಳ್ಳವನ್ನು ನೋಡದವನಿಗೆ ಹಿಮಾಲಯ ಬರೀ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಸೋಲಾಂಗಿನಿಂದ ಮೇಲೆ ಧುಂಡಿಯವರೆಗೆ ರಸ್ತೆ ಇದೆ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ 9.02 ಕಿಲೋಮೀಟರಿನ ಅಟಲ್ ಸುರಂಗದ ದಕ್ಷಿಣದ ಬಾಯಿ ಅಲ್ಲೇ ಹತ್ತಿರ. ವಾಹನಗಳು ಬೆಟ್ಟದ ಹೊಟ್ಟೆ ಹೊಕ್ಕು ಲಾಹೌಲಿಗೆ ಹೋಗುತ್ತವೆ. ನಾವು ಎಡಕ್ಕೆ ತಿರುಗಿ ಬಿಯಾಸ್ ನದಿಯ ಎಳೆಯ ಹರಿವಿನ ಪಕ್ಕ ಕಾಲುದಾರಿ ಹಿಡಿದೆವು. ನದಿಯ ಬಣ್ಣ ಹಾಲಿಗೆ ಬೂದಿ ಕಲಸಿದ ಹಾಗೆ. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಮಾಡಿದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುವುದರಿಂದ ಆ ಬಣ್ಣ. ಖಾನಾಪುರದ ಹತ್ತಿರದ ಆಸೋಗಾದ ಬಂಡೆಗಳ ನಡುವೆ ಮಳೆ ನಿಂತ ಮೇಲೆ ಮಲಪ್ರಭೆ ತಿಳಿಯಾಗಿ ಹರಿಯುವುದನ್ನು ನೋಡಿದ ಕಣ್ಣಿಗೆ ಈ ನೀರು ಬೇರೆಯೇ ಜಾತಿಯದು ಎನಿಸಿತು.

ಮೊದಲ ಡೇರೆ ಬಕರ್‌ಥಾಚ್‌ನಲ್ಲಿ, ಸುಮಾರು 3,300 ಮೀಟರ್. ಗದ್ದಿ ಕುರುಬರು ಬೇಸಿಗೆಯಲ್ಲಿ ಆಡು ಕುರಿ ಮೇಯಿಸುವ ಹುಲ್ಲುಗಾವಲು. ಅದರ ಅಂಚಿನಲ್ಲಿ ಭೂರ್ಜವೃಕ್ಷಗಳಿವೆ. ಒಂದರ ಮುಂದೆ ನಾನು ಬಹಳ ಹೊತ್ತು ನಿಂತೆ. ತೊಗಟೆ ಬಿಳಿ ಎಂದು ಕೇಳಿದ್ದೆ. ಹತ್ತಿರದಿಂದ ನೋಡಿದರೆ ಬಿಳಿಯ ಕೆಳಗೆ ನಸುಗೆಂಪು, ಅದರ ಕೆಳಗೆ ಚರ್ಮದ ಬಣ್ಣ, ಅಡ್ಡಡ್ಡ ಸಣ್ಣ ಕಂದು ಗೀರುಗಳು. ತಾನಾಗಿ ಬಿಚ್ಚಿಕೊಂಡು ನೇತಾಡುತ್ತಿದ್ದ ಒಂದು ಹಾಳೆಯನ್ನು ಬೆರಳ ಮೇಲೆ ಎತ್ತಿ ಬೆಳಕಿಗೆ ಹಿಡಿದೆ. ಅದು ಒಂದೇ ಹಾಳೆಯಲ್ಲ, ಉಗುರಿನಲ್ಲಿ ತೀಡಿದರೆ ಎರಡಾಗುವ, ಮತ್ತೆ ಎರಡಾಗುವ ಪದರ. ಮರದಿಂದ ಕೀಳಲಿಲ್ಲ, ಹಾಗೇ ಬಿಟ್ಟೆ. ಕಾಳಿದಾಸ ‘ಕುಮಾರಸಂಭವ’ವನ್ನು ಹಿಮಾಲಯದ ವರ್ಣನೆಯಿಂದಲೇ ಶುರು ಮಾಡುತ್ತಾನೆ, ಅಲ್ಲಿ ವಿದ್ಯಾಧರ ಸುಂದರಿಯರ ಪ್ರೇಮಪತ್ರಕ್ಕೆ ಈ ತೊಗಟೆಯನ್ನೇ ಕೊಟ್ಟಿದ್ದಾನೆ. ಆ ಕಾಳಿದಾಸನ ಹೆಸರು ಕಲ್ಲಿನಲ್ಲಿ ಕೆತ್ತಿರುವುದು ಎಲ್ಲಿ ಗೊತ್ತೇ? ಐಹೊಳೆಯ ಮೇಗುಟಿ ಗುಡಿಯಲ್ಲಿ. 634ರ ಆ ಶಾಸನದಲ್ಲಿ ಕವಿ ರವಿಕೀರ್ತಿ ತನ್ನನ್ನು ಕಾಳಿದಾಸ ಭಾರವಿಯರ ಜತೆ ಹೋಲಿಸಿಕೊಂಡಿದ್ದಾನೆ. ಐಹೊಳೆಯ ಪಕ್ಕ ಹರಿಯುವುದು ನಮ್ಮ ಕನಕುಂಬಿಯ ಮಲಪ್ರಭೆ. ಆ ಭೂರ್ಜದ ನೆರಳಿನಲ್ಲಿ ಈ ಸುತ್ತು ಮನಸ್ಸಿಗೆ ಬಂದಾಗ ಪರದೇಶಕ್ಕೆ ಬಂದಿದ್ದೇನೆಂಬ ಭಾವ ಪೂರ್ತಿ ಹೋಯಿತು.

ಮುಂದಿನ ಡೇರೆ ಸುಮಾರು 3,850 ಮೀಟರಿನಲ್ಲಿ, ಲೇಡಿ ಲೆಗ್ ಎಂದು ಅಲ್ಲಿಯವರು ಕರೆಯುವ ಜಾಗದಲ್ಲಿ. ಅಲ್ಲಿ ನೀರು 87 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನ, ಬೇಳೆ ಬೇಯುವುದು ಕಷ್ಟ. ಹಸಿವು ಮೊದಲು ಹೋಗುತ್ತದೆ. ಅಡುಗೆಯವರು ಪ್ರೀತಿಯಿಂದ ಬಡಿಸಿದ್ದನ್ನು ನೋಡಿದರೂ ಗಂಟಲಲ್ಲಿ ಇಳಿಯುವುದಿಲ್ಲ. ಆಗ ನನ್ನ ಕೈ ಹಿಡಿದದ್ದು ಗೋಕಾಕದ ಕರದಂಟು. ಅಂಟು, ಬೆಲ್ಲ, ಉತ್ತತ್ತಿ, ಒಣಕೊಬ್ಬರಿ ಹಾಕಿದ ಆ ತಿಂಡಿಯನ್ನು ನಮ್ಮಲ್ಲಿ ಬಾಣಂತಿಯರಿಗೂ ಪೈಲ್ವಾನರಿಗೂ ಕೊಡುತ್ತಾರೆ. ಚಳಿಗೆ ಅದು ಕಲ್ಲಾಗುತ್ತದೆ. ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಂಡರೆ ಮೆತ್ತಗಿರುತ್ತದೆ. ಚೂರು ಬಾಯಿಗೆ ಹಾಕಿಕೊಂಡು ಅಗಿಯದೆ ಸುಮ್ಮನೆ ಬಿಟ್ಟರೆ ಮೊದಲು ಬೆಲ್ಲ ಕರಗುತ್ತದೆ, ಆಮೇಲೆ ತುಪ್ಪದ ವಾಸನೆ ಮೂಗಿಗೆ ಏರುತ್ತದೆ, ಕೊನೆಗೆ ಹುರಿದ ಅಂಟು ಹಲ್ಲಿನ ನಡುವೆ ಕರ್ ಎನ್ನುತ್ತದೆ. ಊರಿನಲ್ಲಿ ಎಷ್ಟೋ ಸಲ ತಿಂದಿದ್ದರೂ ಅದರ ಒಳಗಿನ ಈ ಕ್ರಮ ನನಗೆ ತಿಳಿದದ್ದು ಆ ಡೇರೆಯಲ್ಲಿ.

ಉಸಿರಿನ ಮಾತಿಗೆ ಬರುತ್ತೇನೆ, ಏಕೆಂದರೆ ಈ ಬರಹದ ಜೀವ ಅದೇ. ಫ್ರೆಂಡ್‌ಶಿಪ್ ಶಿಖರದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಹೆಚ್ಚು. ಆಮ್ಲಜನಕದ ಪಾಲು ಗಾಳಿಯಲ್ಲಿ ಅಷ್ಟೇ ಇರುತ್ತದೆ, ಆದರೆ ಒಂದು ಉಸಿರಿಗೆ ಸಿಗುವ ಗಾಳಿಯೇ ಕಡಿಮೆ. ಮೈ ಇದಕ್ಕೆ ತನ್ನದೇ ಉಪಾಯ ಮಾಡುತ್ತದೆ. ಮೊದಲು ಉಸಿರಾಟ ಚುರುಕಾಗುತ್ತದೆ, ಎದೆಬಡಿತ ಏರುತ್ತದೆ. ದಿನಗಳು ಕಳೆದಂತೆ ಮೂತ್ರಪಿಂಡ ರಕ್ತದ ಕ್ಷಾರವನ್ನು ಸರಿದೂಗಿಸುತ್ತದೆ, ವಾರಗಳಲ್ಲಿ ಕೆಂಪು ರಕ್ತಕಣ ಹೆಚ್ಚುತ್ತದೆ. ಅದಕ್ಕೇ ಹಗಲು ಎತ್ತರಕ್ಕೆ ಹೋಗಿ ಬಂದು ರಾತ್ರಿ ತಗ್ಗಿನಲ್ಲಿ ಮಲಗುವ ಕ್ರಮ. ಆತುರ ಮಾಡಿದವನ ಪುಪ್ಪುಸದಲ್ಲೋ ಮೆದುಳಿನಲ್ಲೋ ನೀರು ತುಂಬಿಕೊಳ್ಳುವ ಅಪಾಯ ಇದೆ, ಅದಕ್ಕೆ ಮೊದಲ ಮದ್ದು ಕೂಡಲೇ ಕೆಳಗಿಳಿಯುವುದು. ರಾತ್ರಿ ಡೇರೆಯಲ್ಲಿ ಪಕ್ಕದವರ ಉಸಿರು ಕೇಳುತ್ತ ಮಲಗಿದ್ದೆ. ಏರುತ್ತ ಏರುತ್ತ ಜೋರಾಗಿ, ಹಾಗೇ ಇಳಿದು, ಕೆಲ ಕ್ಷಣ ಪೂರ್ತಿ ನಿಂತು, ಮತ್ತೆ ಒಂದು ದೊಡ್ಡ ಉಸಿರಿನೊಂದಿಗೆ ಶುರುವಾಗುತ್ತಿತ್ತು. ಎತ್ತರದಲ್ಲಿ ನಿದ್ದೆಯ ಉಸಿರು ಹೀಗಾಗುವುದು ಸಾಮಾನ್ಯ ಎಂದು ಗೊತ್ತಿದ್ದುದರಿಂದ ಹೆದರಿಕೆಯಾಗಲಿಲ್ಲ. ಆ ನಿಲುಗಡೆಯನ್ನು ಕೇಳುತ್ತ ನನಗೆ ಕುಮಾರ ಗಂಧರ್ವರ ನೆನಪಾಯಿತು.

ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠರು ಬಾಲ್ಯದಲ್ಲೇ ಕುಮಾರ ಗಂಧರ್ವರಾದರು. ಇಪ್ಪತ್ತರ ಹರೆಯದಲ್ಲಿ ಕ್ಷಯ ಬಂತು. ಒಣಹವೆಗೆಂದು ದೇವಾಸಿಗೆ ಹೋದರು, ವರ್ಷಗಟ್ಟಲೆ ಹಾಡದೆ ಹಾಸಿಗೆ ಹಿಡಿದರು, ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ಎದ್ದು ಮತ್ತೆ ಹಾಡಿದಾಗ ಅವರ ಗಾಯನ ಬದಲಾಗಿತ್ತು. ಉದ್ದುದ್ದ ತಾನುಗಳ ಜಾಗದಲ್ಲಿ ಸಣ್ಣ ಸಣ್ಣ ಸ್ವರಗುಚ್ಛ, ಅವುಗಳ ನಡುವೆ ಮೌನ, ಆ ಮೌನದಿಂದ ಥಟ್ಟನೆ ಎದ್ದುಬರುವ ತಾರಸ್ವರ. ಇದ್ದ ಉಸಿರಿನಷ್ಟಕ್ಕೇ ಹಾಡನ್ನು ಹೊಸದಾಗಿ ಕಟ್ಟಿದರು. ಕೊರತೆಯನ್ನು ಮರೆಮಾಚುವ ಕಸರತ್ತು ಅದರಲ್ಲಿ ಕಾಣುವುದಿಲ್ಲ. ಆ ಕೊರತೆಯ ಆಕಾರವೇ ರಾಗದ ಆಕಾರವಾಯಿತು. ಅವರ ನಿರ್ಗುಣ ಭಜನೆಗಳನ್ನು ವರ್ಷಗಟ್ಟಲೆ ಕೇಳಿದ್ದೆ. ಅವುಗಳ ನಡುವಿನ ಮೌನ ಏಕೆ ಅಷ್ಟು ತುಂಬಿಕೊಂಡಿರುತ್ತದೆ ಎಂದು ನನ್ನ ಎದೆಗೆ ಹೊಕ್ಕದ್ದು ಹಿಮದ ಏರಿನಲ್ಲಿ.

ಶಿಖರದ ನಡಿಗೆ ನಡುರಾತ್ರಿ ದಾಟಿದ ಮೇಲೆ. ಹಾಗೇಕೆಂದರೆ ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿರುತ್ತದೆ, ಬಿರುಕುಗಳ ಮೇಲಿನ ಹಿಮದ ಸೇತುವೆ ಬಿಗಿದಿರುತ್ತದೆ, ಕಲ್ಲುಗಳು ತಮ್ಮ ತಮ್ಮ ಜಾಗದಲ್ಲಿ ಅಂಟಿಕೊಂಡಿರುತ್ತವೆ. ಬಿಸಿಲೇರಿದರೆ ಎಲ್ಲ ಸಡಿಲ. ಹೆಡ್‌ಲ್ಯಾಂಪಿನ ಬೆಳಕು ಎರಡು ಮಾರು ದೂರ ಬೀಳುತ್ತದೆ. ಆ ಬೆಳಕಿನ ವೃತ್ತದಲ್ಲಿ ಮುಂದಿನವರ ಬೂಟಿನ ಹಿಮ್ಮಡಿ, ಕ್ರ್ಯಾಂಪನ್ನಿನ ಹಲ್ಲುಗಳು, ಹಗ್ಗ; ಮಿಕ್ಕದ್ದೆಲ್ಲ ಕತ್ತಲೆ ಮತ್ತು ನಕ್ಷತ್ರ. ನಮ್ಮ ಗೈಡ್ ಲಾಹೌಲ್ ಕಡೆಯವರು, ಮಾತು ಕಮ್ಮಿ. ಹೊರಡುವಾಗ ಒಂದೇ ಮಾತು ಹೇಳಿದರು: ಬೆವರುವಷ್ಟು ಬೇಗ ನಡೆಯಬೇಡಿ, ಚಳಿಯಾಗುವಷ್ಟು ನಿಲ್ಲಬೇಡಿ. ಇಷ್ಟರಲ್ಲಿ ಪರ್ವತಾರೋಹಣದ ಅರ್ಧ ಶಾಸ್ತ್ರ ಇದೆ.

ಹೆಜ್ಜೆಯ ಕ್ರಮ ಹೀಗೆ. ಮುಂದಿನ ಕಾಲನ್ನು ಹಿಮದಲ್ಲಿ ಊರಬೇಕು, ಆದರೆ ಭಾರ ಹಾಕಬಾರದು. ಹಿಂದಿನ ಕಾಲನ್ನು ಮೊಳಕಾಲು ಮಡಿಸದೆ ನೆಟ್ಟಗೆ ನಿಲ್ಲಿಸಿ, ಮೈಭಾರವನ್ನೆಲ್ಲ ಅದರ ಎಲುಬಿಗೆ ಬಿಟ್ಟು, ಒಂದು ಉಸಿರು ಪೂರ್ತಿ ತಡೆಯಬೇಕು. ಸ್ನಾಯುಗಳಿಗೆ ಅಷ್ಟೇ ವಿಶ್ರಾಂತಿ. ಆಮೇಲೆ ಭಾರ ಮುಂದಕ್ಕೆ. ಮೇಲೆ ಹೋದಂತೆ ಒಂದು ಹೆಜ್ಜೆಗೆ ಒಂದು ಉಸಿರು ಎರಡಾಗುತ್ತದೆ, ಎರಡು ಮೂರಾಗುತ್ತದೆ. ಬಡಾ ಖಯಾಲ್ ಕೇಳಿದವರಿಗೆ ಈ ಲೆಕ್ಕ ಗೊತ್ತು. ವಿಲಂಬಿತದಲ್ಲಿ ಒಂದು ಮಾತ್ರೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗಾಯಕ ಒಂದು ಲೋಕ ತೋರಿಸಿ ಬರುತ್ತಾನೆ, ಕೇಳುಗನಿಗೆ ಅವಸರವಿರುವುದಿಲ್ಲ. ನನಗೂ ಅವಸರ ಹೋಯಿತು. ಶಿಖರ ಎಷ್ಟು ದೂರ ಎಂಬ ಪ್ರಶ್ನೆ ಮನಸ್ಸಿನಿಂದ ಜಾರಿತು. ಹೆಜ್ಜೆ, ತಡೆ, ಉಸಿರು, ಹೆಜ್ಜೆ. ಆ ತಡೆಯಲ್ಲಿ ಕೇಳಿಸುತ್ತಿದ್ದ ಸದ್ದುಗಳು ಈಗಲೂ ಕಿವಿಯಲ್ಲಿವೆ. ಗಟ್ಟಿಹಿಮಕ್ಕೆ ಕ್ರ್ಯಾಂಪನ್ ಕಚ್ಚಿದಾಗ ಒಣಗಿದ ‘ಕ್ರಕ್’. ಸ್ವಲ್ಪ ಮೆತ್ತಗಿದ್ದರೆ ಗಂಟಲೊಳಗಿನ ‘ಗ್ರುಮ್’. ಗಾಳಿ ಕೆತ್ತಿ ಗಾಜು ಮಾಡಿದ ಕಡೆ ಹಲ್ಲು ಕೂರದೆ ‘ಕ್ರೀಚ್’ ಎಂದು ಜಾರಿ ಮತ್ತೆ ಕಚ್ಚುವುದು. ಐಸ್ ಆ್ಯಕ್ಸಿನ ಮೊನೆಯ ಸದ್ದು ಬೇರೆ. ಒಳಗೆ ಗಟ್ಟಿಯಿದ್ದರೆ ಅಂಗೈಗೆ ಸಣ್ಣ ಝುಮ್ಮು ಬರುತ್ತದೆ, ಪೊಳ್ಳಿದ್ದರೆ ಕೈ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಕಣ್ಣು ಕಾಣದ ಹೊತ್ತಿನಲ್ಲಿ ಹಿಮವನ್ನು ಕಿವಿಯಿಂದ, ಅಂಗೈಯಿಂದ ಓದುವುದನ್ನು ಕಲಿಯುತ್ತ ಹೋಗುವುದೇ ಒಂದು ಸುಖ. ಖಾನಾಪುರದ ಪಾಚಿಗಲ್ಲಿನ ಮೇಲೆ ಪಾದ ಚಪ್ಪಟೆಯಾಗಿಡಲು ಕಲಿತದ್ದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬಂತು. ಕ್ರ್ಯಾಂಪನ್ನಿನ ಎಲ್ಲ ಹಲ್ಲುಗಳೂ ಒಟ್ಟಿಗೆ ಕಚ್ಚಬೇಕಾದರೆ ಪಾದ ಹಾಗೇ ಬೀಳಬೇಕು.

ಹಗ್ಗದ ಬಗ್ಗೆಯೂ ಹೇಳಬೇಕು. ಸೊಂಟದ ಹಾರ್ನೆಸ್ಸಿಗೆ ಹಗ್ಗ ಸಿಕ್ಕಿಸಿ, ಕ್ಯಾರಾಬಿನರಿನ ತಿರುಪು ಬಿಗಿದ ಗಳಿಗೆಯಿಂದ ಮುಂದಿನವರ ಹೆಜ್ಜೆ, ಹಿಂದಿನವರ ದಣಿವು ಎರಡೂ ನಿಮ್ಮ ಸೊಂಟಕ್ಕೆ ತಿಳಿಯುತ್ತವೆ. ಹಗ್ಗ ತೀರ ಬಿಗಿಯಾದರೆ ಹಿಂದಿನವರು ಬಳಲಿದ್ದಾರೆ, ನೆಲಕ್ಕೆ ಎಳೆದಾಡಿದರೆ ನೀವು ಆತುರ ಮಾಡುತ್ತಿದ್ದೀರಿ. ಮಾತಿಲ್ಲದೆ ಸಾಗುವ ಈ ಮಾತುಕತೆ ಅಪರೂಪದ್ದು. ಪಂಢರಪುರಕ್ಕೆ ನಡೆಯುವ ನಮ್ಮ ಕಡೆಯ ದಿಂಡಿಗಳಲ್ಲಿ ಟಾಳದ ಲಯಕ್ಕೆ ಮುದುಕರೂ ಮಕ್ಕಳೂ ಒಂದೇ ಗತಿಯಲ್ಲಿ ಸಾಗುವುದನ್ನು ಕಂಡಿದ್ದೇನೆ. ಹಗ್ಗದ ಸಾಲಿನಲ್ಲಿ ಅದೇ ಶಿಸ್ತು, ಅದೇ ಸಮಾಧಾನ.

ಬೆಳಕು ಹರಿಯುವುದನ್ನು ವರ್ಣಿಸಲು ಹೋದರೆ ಎಲ್ಲರೂ ಬಂಗಾರದ ಮೊರೆಹೋಗುತ್ತಾರೆ. ನಾನು ಕಂಡದ್ದರಲ್ಲಿ ಬಂಗಾರ ಬಂದದ್ದು ಬಹಳ ತಡವಾಗಿ. ಮೊದಲು ಕತ್ತಲೆಗೆ ಒಂದು ಅಂಚು ಮೂಡಿತು, ಅಷ್ಟೇ. ಯಾವುದು ಬೆಟ್ಟ, ಯಾವುದು ಆಕಾಶ ಎಂದು ಗೊತ್ತಾಯಿತು. ಆಮೇಲೆ ಹಿಮಕ್ಕೆ ಬೂದಿಬಣ್ಣ. ಬೂದಿಯೊಳಗಿಂದ ನೀಲಿ ಎದ್ದಿತು, ಶಾಯಿ ಹಾಕಿದ ನೀಲಿಯಲ್ಲ, ಎಳೆಗತ್ತಲೆಯೇ ತಿಳಿಯಾದಾಗ ಉಳಿಯುವ ನೀಲಿ. ಆ ನೀಲಿಯ ಮೇಲೆ ಒಂದು ನಸುಗೆಂಪು ಗೆರೆ ಎದುರಿನ ಹನುಮಾನ್ ಟಿಬ್ಬಾ ಶಿಖರದ ತುದಿಗೆ ಬಂದು ಕೂತಿತು. ಕೆಳಗೆ ಕಣಿವೆ ಇನ್ನೂ ರಾತ್ರಿಯಲ್ಲೇ ಇತ್ತು. ಗೆರೆ ಇಳಿಯುತ್ತ ಬಂತು, ಅಗಲವಾಗುತ್ತ ಬಂತು, ಕೆಂಪು ಕಿತ್ತಳೆಯಾಯಿತು. ಬಂಗಾರವೆನ್ನಬಹುದಾದದ್ದು ಕೊನೆಯ ಕೆಲವೇ ನಿಮಿಷ. ನಂತರ ಎಲ್ಲವೂ ಕಣ್ಣು ಕೋರೈಸುವ ಬಿಳಿ, ಕಪ್ಪು ಕನ್ನಡಕ ಹಾಕಲೇಬೇಕು. ಇಡೀ ಆರೋಹಣದಲ್ಲಿ ಒಂದೇ ಒಂದು ಹೊತ್ತನ್ನು ಆರಿಸಿಕೋ ಎಂದರೆ ನಾನು ಆ ನೀಲಿಯ ಹೊತ್ತನ್ನು ಆರಿಸುತ್ತೇನೆ. ಬೆರಳು ಮರಗಟ್ಟಿದ್ದವು, ನೀರಿನ ಬಾಟಲಿಯ ಬಾಯಿ ಹೆಪ್ಪುಗಟ್ಟಿತ್ತು, ಆದರೂ ಅದು ಮುಗಿಯದಿರಲಿ ಎನಿಸಿತು.

ಶಿಖರ? ಅದು ಇದ್ದಕ್ಕಿದ್ದಂತೆ ಬಂತು. ಏರು ಮುಗಿದು ಮುಂದೆ ನೆಲವಿರಲಿಲ್ಲ. ಗಾಳಿಗೆ ಪಟಪಟ ಬಡಿಯುವ ಪ್ರಾರ್ಥನೆಯ ಬಾವುಟಗಳು, ಎದುರಿಗೆ ಹನುಮಾನ್ ಟಿಬ್ಬಾ, ದೂರದಲ್ಲಿ 6,001 ಮೀಟರಿನ ದೇವ್ ಟಿಬ್ಬಾ, ಅದರ ಪಕ್ಕ 6,221 ಮೀಟರಿನ ಇಂದ್ರಾಸನ. ಗೈಡ್ ಕೈ ಕುಲುಕಿ, ಗಡಿಯಾರ ನೋಡಿ, ಇಳಿಯೋಣ ಎಂದರು. ಅಲ್ಲಿ ನಿಂತದ್ದು ಸ್ವಲ್ಪವೇ ಹೊತ್ತು, ಅದರ ಬಗ್ಗೆ ನನಗೆ ಬೇಸರವಿಲ್ಲ. ಬಂದಿಶಿನ ಸಮ್ ಒಂದೇ ಬಡಿತದ್ದು. ಅಲ್ಲಿಗೆ ಬಂದು ಸೇರುವ ದಾರಿಯಲ್ಲೇ ರಾಗ ಇರುತ್ತದೆ. ಇಳಿಯುವಾಗ ಬಿಸಿಲಿಗೆ ಹಿಮ ಮೆತ್ತಗಾಗಿತ್ತು. ಹಿಮ್ಮಡಿಯನ್ನು ಜೋರಾಗಿ ನಾಟಿ, ಮೈ ಹಿಂದಕ್ಕೆ ವಾಲದಂತೆ ನೋಡಿಕೊಂಡು ಇಳಿಯಬೇಕು. ಪರ್ವತದ ಅಪಘಾತಗಳಲ್ಲಿ ಬಹಳಷ್ಟು ಇಳಿಯುವಾಗಲೇ ಆಗುತ್ತವೆ. ಶಿಖರ ಮುಟ್ಟಿದ ಸಂತೋಷದಲ್ಲಿ ಕಾಲಿನ ಮೇಲಿನ ಗಮನ ಸಡಿಲಾಗುತ್ತದೆ.

ಇಲ್ಲಿ ಒಂದು ಗಂಭೀರ ಮಾತು ಹೇಳದೆ ಮುಂದೆ ಹೋಗಲಾರೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ 2 ಶಿಖರದ ಹತ್ತಿರ ಹಿಮಕುಸಿತಕ್ಕೆ ಸಿಕ್ಕಿ ಇಪ್ಪತ್ತೈದಕ್ಕೂ ಹೆಚ್ಚು ಜನ ತೀರಿಕೊಂಡರು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಮುಂದುವರಿದ ತರಬೇತಿಯ ತಂಡವದು. ಅದೇ ವರ್ಷದ ಮೇನಲ್ಲಿ ಎವರೆಸ್ಟ್, ಮಕಾಲು ಎರಡನ್ನೂ ಏರಿ ಬಂದಿದ್ದ ತರಬೇತುದಾರೆ ಸವಿತಾ ಕಂಸ್ವಾಲ್ ಅವರೂ ಅಲ್ಲೇ ಹೋದರು. 5,670 ಮೀಟರಿನ ಕಲಿಕೆಯ ಶಿಖರ ಅದು, ನುರಿತವರ ಕೈಯಲ್ಲಿದ್ದ ತಂಡ. ಹೀಗಿರುವಾಗ, ಕೆಲವೇ ದಿನಗಳಲ್ಲಿ ಶಿಖರ ಮುಟ್ಟಿಸಿ ಕಳಿಸುತ್ತೇವೆಂಬ ಜಾಹೀರಾತು ನಂಬಿ, ನೆಟ್ಟಗೆ ನಡೆದು ಅಭ್ಯಾಸವಿಲ್ಲದವರು ಹೊರಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಮೈ ಹೊಂದಿಕೊಳ್ಳಲು ಬೇಕಾದ ದಿನಗಳನ್ನು ಕತ್ತರಿಸಿದರೆ ಜೀವಕ್ಕೆ ಅಪಾಯ. ಜೀವ ಉಳಿದರೂ ಸವಿ ಉಳಿಯುವುದಿಲ್ಲ. ತಲೆನೋವು, ವಾಕರಿಕೆ, ಒಂದು ಫೋಟೊ, ಇಷ್ಟೇ ಕೈಗೆ ಬರುತ್ತದೆ.

ಹವ್ಯಾಸಿಯೆಂದರೆ ಕಡಿಮೆಯವನು ಎಂದು ಯಾರೂ ತಿಳಿಯಬೇಕಿಲ್ಲ. ಸ್ವತಂತ್ರ ಭಾರತದ ಪರ್ವತಾರೋಹಣ ಶುರುವಾದದ್ದೇ ಒಬ್ಬ ಶಾಲಾ ಮೇಷ್ಟ್ರಿಂದ. ಡೂನ್ ಶಾಲೆಯ ಗುರ್‌ದಯಾಳ್ ಸಿಂಗ್ 1951ರಲ್ಲಿ 7,120 ಮೀಟರಿನ ತ್ರಿಶೂಲ್ ಏರಿ, ನೆತ್ತಿಯಲ್ಲಿ ಶೀರ್ಷಾಸನ ಹಾಕಿದರು. ಮುಂಬೈಯ ಹರೀಶ್ ಕಪಾಡಿಯಾ ಬಟ್ಟೆ ವ್ಯಾಪಾರಿ. ರಜೆಯ ದಿನ ಸಹ್ಯಾದ್ರಿಯ ಕೋಟೆಗಳನ್ನು ಸುತ್ತಿ ಕಾಲು ಪಳಗಿಸಿಕೊಂಡವರು ಹಿಮಾಲಯದ ಮೂಲೆಮೂಲೆ ತಿರುಗಿದರು, ‘ಹಿಮಾಲಯನ್ ಜರ್ನಲ್’ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿದರು, 2003ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಪದಕ ಪಡೆದರು. ಅವರು ನಡೆದ ಸಹ್ಯಾದ್ರಿಯ ಸಾಲು ದಕ್ಷಿಣಕ್ಕೆ ಬಂದು ನಮ್ಮ ಖಾನಾಪುರದಲ್ಲೇ ಹಾದುಹೋಗುತ್ತದೆ. ಇಷ್ಟು ದೊಡ್ಡ ಪಾಠಶಾಲೆ ಮನೆ ಬಾಗಿಲಲ್ಲಿದ್ದೂ ಬೆಳಗಾವಿಯ ಹುಡುಗ ಹುಡುಗಿಯರು ಚೋರ್ಲಾ ಘಾಟಿಯನ್ನು ಗೋವೆಗೆ ಹೋಗುವ ರಸ್ತೆಯೆಂದಷ್ಟೇ ಬಲ್ಲರು.

ಆದ್ದರಿಂದ ಮೊದಲ ಶಿಖರದ ಆಸೆಯಿರುವ ನಮ್ಮ ಕಡೆಯವರಿಗೆ ನನ್ನ ಕೋರಿಕೆ ಇದು. ಒಂದು ಮಳೆಗಾಲ ಪೂರ್ತಿ ಜಾಂಬೋಟಿ, ಕನಕುಂಬಿ ಕಡೆಯ ಹಳ್ಳಿದಾರಿಗಳಲ್ಲಿ ನಡೆಯಿರಿ. ಮಳೆಗಾಲದಲ್ಲಿ ಜಲಪಾತಗಳ ಹತ್ತಿರ ಹೋಗಬೇಡಿ. ಭೀಮಗಡ 2011ರಿಂದ ಅಭಯಾರಣ್ಯ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನ ಅಪರೂಪದ ಬಾವಲಿಗಳಿವೆ, ಹಾಗಾಗಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡಬೇಡಿ. ಬೇಸಿಗೆಯಲ್ಲಿ ರಾಜಹಂಸಗಡಕ್ಕೆ ಭಾರ ಹೊತ್ತು ಹತ್ತಿ. ಕಾಲಿಗೆ ಸಮಗತಿ ಬಂದ ಮೇಲೆ ಉತ್ತರಕಾಶಿ, ಮನಾಲಿ ಅಥವಾ ಡಾರ್ಜಿಲಿಂಗಿನ ಸಂಸ್ಥೆಯಲ್ಲಿ ಮೂಲ ತರಬೇತಿಗೆ ಅರ್ಜಿ ಹಾಕಿ. ಉತ್ತರಕಾಶಿಯದು 28 ದಿನಗಳದ್ದು, ಜಾಗಗಳು ಬಹಳ ಮೊದಲೇ ತುಂಬಿಬಿಡುತ್ತವೆ. ಇಂದೇ ವಿಚಾರಿಸಿದರೆ ಒಳ್ಳೆಯದು.